ವಕೀಲರು ‘ತಪ್ಪು’ ಎಂದದ್ದೂ ಮೇಷ್ಟ್ರು ‘ಮೋಸ’ ಎಂದದ್ದೂ ಒಂದೇ ಪುಟಕ್ಕೆ

ಪ್ರಶ್ನೆ: ನಾನು ಸಿಂಧನೂರಿನ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಳೆದ ವರ್ಷ ನನ್ನ ಮೊದಲ ಕಾದಂಬರಿ ಬಂತು. 288 ಪುಟ, 500 ಪ್ರತಿ, ಖರ್ಚು ನನ್ನದೇ. 2022ರ ಡಿಸೆಂಬರ್‌ನ ಒಂದು ರಾತ್ರಿ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ನೀರು ಬಿಡುವ ಗ್ಯಾಂಗ್‌ಮನ್ ಕೊಲೆಯಾಗುತ್ತಾನೆ. ಕೊನೆ ಭಾಗದ ರೈತನೊಬ್ಬನನ್ನು ಹಿಡಿಯುತ್ತಾರೆ. ರಾಯಚೂರಿನ ಕೋರ್ಟಿನಲ್ಲಿ ಅವನ ಪರ ನಿಂತ ಎಳೆಯ ವಕೀಲೆ ಕೊನೆಯ ಅಧ್ಯಾಯದಲ್ಲಿ ಮೊಬೈಲಿನ ಧ್ವನಿಮುದ್ರಣ ಕೇಳಿಸುತ್ತಾಳೆ. ಕೊಂದವನು ಕಾಲುವೆ ಗುತ್ತಿಗೆದಾರ ಎಂದು ಗೊತ್ತಾಗುತ್ತದೆ. ನ್ಯಾಯಾಧೀಶರು ಸುತ್ತಿಗೆ ಬಡಿದು ರೈತನನ್ನು ಅಲ್ಲೇ ಬಿಡುತ್ತಾರೆ, ಗುತ್ತಿಗೆದಾರನನ್ನು ಹಿಡಿಸುತ್ತಾರೆ.

ಓದಿದವರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದುವುದಿಲ್ಲ. ಮೂವರು ವಕೀಲರು ‘ಇದು ಸಿನಿಮಾ ಕೋರ್ಟು’ ಎಂದರು. ಹೊಸ ಕಾನೂನು ಬಂದಿರುವಾಗ ಕೊಲೆಗೆ ಹಳೆಯ ದಂಡ ಸಂಹಿತೆಯ 302ನೇ ಕಲಂ ಎಂದು ಬರೆದದ್ದು, ಏಪ್ರಿಲ್ಲಿನಲ್ಲಿ ವಕೀಲೆ ಕರಿ ಕೋಟಿಲ್ಲದೆ ನಿಂತದ್ದು ತಪ್ಪು ಎಂದೂ ಹೇಳಿದರು. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ‘270 ಪುಟ ಉಸಿರು ಹಿಡಿದು ಓದಿದೆ, ಕೊನೆಗೆ ಮೋಸ ಮಾಡಿದಿರಿ’ ಎಂದರು. ಮಹಿಳಾ ಓದುಗರ ಬಳಗದ ನಾಲ್ವರು ಮೊದಲ 80 ಪುಟ ದಾಟಲೇ ಇಲ್ಲ. ಕಾಲುವೆ ಕಡೆಯ ರೈತರಿಗೆ ಅವೇ 80 ಪುಟ ಬಲು ಇಷ್ಟ. ಮೈಸೂರಿನ ಬಂಧುಗಳಿಗೆ ನಮ್ಮ ಮಾತು ತಿಳಿಯಲಿಲ್ಲ. ಊರಿನ ಒಬ್ಬರು ‘ಆ ಗುತ್ತಿಗೆದಾರ ನಾನೇ’ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಇನ್ನು 140 ಪ್ರತಿ ಉಳಿದಿವೆ, 300 ಪ್ರತಿ ಮತ್ತೆ ಅಚ್ಚು ಹಾಕಿಸುವ ಯೋಚನೆ ಇದೆ. ಯಾರ ಮಾತು ಹಿಡಿಯಲಿ? ಕೋರ್ಟನ್ನು ಇದ್ದ ಹಾಗೇ ಬರೆದರೆ ಯಾರು ಓದುತ್ತಾರೆ? ಪುಸ್ತಕ, ಬಂದ ಅಭಿಪ್ರಾಯಗಳು ಎರಡನ್ನೂ ಕಳಿಸಿದ್ದೇನೆ.

ಉತ್ತರ: ಯಾರ ಮಾತು ಹಿಡಿಯಬೇಕು ಎಂಬುದಕ್ಕಿಂತ ದೊಡ್ಡ ಭಯ ನಿಮ್ಮ ಎರಡನೇ ಪ್ರಶ್ನೆಯಲ್ಲಿದೆ. ಕೋರ್ಟಿನ ಕ್ರಮ ನಿಜ ಹೇಳಿದಷ್ಟೂ ಕತೆ ಸಪ್ಪೆಯಾಗುತ್ತದೆ ಎಂದು ನೀವು ನಂಬಿದ್ದೀರಿ. ಆ ನಂಬಿಕೆಯಿಂದಲೇ ಕೊನೆಯ 18 ಪುಟ ಹಾಗಾಗಿವೆ.

ನಿಮಗೆ ಬಂದ ಮಾತುಗಳನ್ನು ಹೇಳಿದವರ ಹೆಸರು ಬಿಟ್ಟು ಪುಟಸಂಖ್ಯೆಯ ಪ್ರಕಾರ ಬರೆದುಕೊಳ್ಳಿ. ವಕೀಲರ ದೂರುಗಳಲ್ಲಿ ಮುಕ್ಕಾಲು ಪಾಲು 270ರ ನಂತರದವು. ಮುಖ್ಯೋಪಾಧ್ಯಾಯರಿಗೆ ಮೋಸ ಅನ್ನಿಸಿದ್ದೂ ಅಲ್ಲೇ. ವಕೀಲರಿಗೆ ನಿಯಮ ಗೊತ್ತು, ಅದಕ್ಕೆ ‘ತಪ್ಪು’ ಎಂದರು. ಮೇಷ್ಟರಿಗೆ ನಿಯಮ ಗೊತ್ತಿಲ್ಲ. ಆದರೆ 270 ಪುಟಗಳ ಉದ್ದಕ್ಕೂ ಈ ಕೋರ್ಟಿನಲ್ಲಿ ಯಾವುದೂ ಸುಲಭಕ್ಕೆ ಸಿಗುವುದಿಲ್ಲ ಎಂದು ಅವರಿಗೆ ಕಲಿಸಿದವರು ನೀವೇ: ಜಾಮೀನು ಸಿಗಲಿಲ್ಲ, ಸಾಕ್ಷಿ ಬರಲಿಲ್ಲ, ವಾಯಿದೆ ಮೇಲೆ ವಾಯಿದೆ ಬಿತ್ತು. ಕೊನೆಗೆ ಒಂದು ಮೊಬೈಲ್ ಬಂದ ಕೂಡಲೇ ಎಲ್ಲ ಬಾಗಿಲೂ ತೆರೆದುಕೊಂಡವು. ಕಬಡ್ಡಿಯ ಕೊನೇ ರೇಡಿಗೆ ನಡುಗೆರೆ ಅಳಿಸಿಬಿಟ್ಟರೆ ನೋಡುವವರಿಗೆ ಏನನ್ನಿಸುತ್ತದೋ ಅದೇ ಅವರಿಗೂ ಅನ್ನಿಸಿದೆ.

ಹಾಗೆಂದು ವಕೀಲರು ಹೇಳಿದ್ದೆಲ್ಲ ಸರಿಯಲ್ಲ. 302ರ ವಿಷಯದಲ್ಲಿ ನೀವೇ ಸರಿ. ಹಳೆಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದರಲ್ಲಿ ಕೊಲೆಯ ಶಿಕ್ಷೆಗೆ 103ನೇ ಕಲಂ. ನಿಮ್ಮ ಗ್ಯಾಂಗ್‌ಮನ್ ಸತ್ತದ್ದು 2022ರಲ್ಲಿ. ಅಪರಾಧ ನಡೆದ ದಿನ ಯಾವ ದಂಡ ಕಾನೂನು ಇತ್ತೋ ಅದೇ ಅನ್ವಯ, ಹಾಗಾಗಿ 302 ನಿಲ್ಲುತ್ತದೆ. ವಿಚಾರಣೆಯೂ ಆ ಜುಲೈಗೆ ಮೊದಲೇ ಶುರುವಾಗಿತ್ತು, ಆದ್ದರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಹಳೆಯ ಸಾಕ್ಷ್ಯ ಕಾಯ್ದೆಯಲ್ಲೇ ಮುಂದುವರಿಯುತ್ತದೆ. ಕರಿ ಕೋಟಿನ ಮಾತೂ ಅಷ್ಟೆ. ಸುಪ್ರೀಂ ಕೋರ್ಟು, ಹೈಕೋರ್ಟುಗಳನ್ನು ಬಿಟ್ಟರೆ ಬೇಸಿಗೆಯಲ್ಲಿ ಕೋಟು ಕಡ್ಡಾಯವಲ್ಲ ಎಂದು ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿಗೆ ನಿಮ್ಮ ವಕೀಲೆ ಕೋಟು ಕಳಚಿ ಕೈಮೇಲೆ ಹಾಕಿಕೊಂಡ ಸಾಲನ್ನು ಯಾರು ಹೇಳಿದರೂ ತೆಗೆಯಬೇಡಿ.

ತೆಗೆಯಬೇಕಾದವು ಬೇರೆ ಇವೆ. ಸುತ್ತಿಗೆ ಏಳು ಕಡೆ ಬಂದಿದೆ. ನಮ್ಮ ಕೋರ್ಟುಗಳಲ್ಲಿ ನ್ಯಾಯಾಧೀಶರ ಮೇಜಿನ ಮೇಲೆ ಸುತ್ತಿಗೆ ಇರುವುದಿಲ್ಲ, ಏಳನ್ನೂ ತೆಗೆಯಿರಿ. ಸಾಕ್ಷಿ ಭಗವದ್ಗೀತೆ ಮುಟ್ಟಿ ಪ್ರಮಾಣ ಮಾಡುವುದೂ ಸಿನಿಮಾದ್ದು. 1969ರ ಕಾಯ್ದೆಯಂತೆ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು, ಗ್ರಂಥ ಬೇಕಿಲ್ಲ. ಒಂಬತ್ತನೇ ಅಧ್ಯಾಯದಲ್ಲಿ ಮ್ಯಾಜಿಸ್ಟ್ರೇಟರು ಕೊಲೆ ಕೇಸಿನ ಸಾಕ್ಷಿ ವಿಚಾರಣೆ ನಡೆಸುತ್ತಾರೆ. ಅವರ ಕೆಲಸ ರಿಮಾಂಡ್ (ಆರೋಪಿಯನ್ನು ಬಂಧನದಲ್ಲಿಡುವ ಆದೇಶ), ಜಾಮೀನು ಅರ್ಜಿ, ದಾಖಲೆಗಳ ಪ್ರತಿ ಕೊಡಿಸುವುದು, ಆಮೇಲೆ ಕೇಸನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸುವುದು. ದೋಷಾರೋಪ ಹೊರಿಸುವುದು, ಸಾಕ್ಷಿ, ತೀರ್ಪು ಎಲ್ಲ ಸೆಷನ್ಸ್ ಕೋರ್ಟಿನಲ್ಲಿ. ಇನ್ನು ಜಾಮೀನಿಗಾಗಿ ವಕೀಲೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾಳೆ. ರಾಯಚೂರಿನ ಕೇಸು ಹೋಗುವುದು ಹೈಕೋರ್ಟಿನ ಕಲಬುರಗಿ ಪೀಠಕ್ಕೆ. ಅಲ್ಲಿ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಕೊಪ್ಪಳ, ಬಳ್ಳಾರಿಯವು ಧಾರವಾಡ ಪೀಠಕ್ಕೆ ಹೋಗುತ್ತವೆ. ನಿಮ್ಮ ಕಾಲುವೆ ಕೊಪ್ಪಳ ಜಿಲ್ಲೆ ದಾಟಿ ರಾಯಚೂರಿಗೆ ಇಳಿಯುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹೆಣ ಸಿಕ್ಕಿದ್ದು ಸಿಂಧನೂರು ಹದ್ದಿನಲ್ಲಿ, ಕೊಲೆಯಾದದ್ದು ಮೇಲೆ ಕಾರಟಗಿ ಕಡೆ ಎಂದಾದರೆ ಠಾಣೆ, ಜಿಲ್ಲಾ ಕೋರ್ಟು, ಹೈಕೋರ್ಟು ಪೀಠ ಮೂರೂ ಬದಲು. ಈ ಕಾದಂಬರಿಯಲ್ಲಿ ಅದು ಬೇಕಿಲ್ಲ. ಮುಂದಿನದಕ್ಕೆ ಎತ್ತಿಟ್ಟುಕೊಳ್ಳಿ.

ಈಗ ಮೊದಲ 80 ಪುಟ. ಬಳಗದ ನಾಲ್ವರು ಪುಸ್ತಕ ಕೆಳಗಿಟ್ಟದ್ದು 31, 44, 58, 61ನೇ ಪುಟಗಳಲ್ಲಿ. ನಾಲ್ಕೂ ಕಡೆ ಕತೆ ನಿಂತು ಲೇಖಕಿ ಮಾತಾಡುತ್ತಾರೆ: ಎಫ್‌ಐಆರ್ ಎಂದರೇನು, ದೋಷಾರೋಪಣ ಪಟ್ಟಿ (ಚಾರ್ಜ್‌ಶೀಟ್) ಎಂದರೇನು ಇತ್ಯಾದಿ. ರೈತರು ಮೆಚ್ಚಿದ್ದು ಅವೇ ಪುಟಗಳ ನಡುವೆ ಬರುವ ಕಾಲುವೆ: ಗೇಜು ಇಳಿಯುವುದು, ಕಂದೀಲು ಹಿಡಿದು ತೂಬು ಕಾಯುವುದು, ಮೇಲಿನವರು ಪಂಪ್‌ಸೆಟ್ ಇಳಿಸಿದ್ದಕ್ಕೆ ಕೆಳಗಿನ ಗದ್ದೆ ಬಾಯಿ ಬಿಡುವುದು. ಒಬ್ಬರ ಮಾತು ಇನ್ನೊಬ್ಬರ ಮಾತನ್ನು ಅಲ್ಲಗಳೆಯುತ್ತಿಲ್ಲ, ಬೇರೆ ಬೇರೆ ಪ್ಯಾರಾಗಳ ಬಗ್ಗೆ ಹೇಳುತ್ತಿದ್ದಾರೆ. ಕಾನೂನು ವಿವರಿಸುವ ಪ್ಯಾರಾಗಳಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ಆ ನಿಯಮದಿಂದ ಕತೆಯಲ್ಲಿ ಯಾರಿಗಾದರೂ ಏನಾದರೂ ಕೈತಪ್ಪುತ್ತದೆಯೇ ಎಂದು ಕೇಳಿ. ತಪ್ಪುತ್ತದೆ ಎಂದಾದರೆ ಆ ಗಳಿಗೆಯನ್ನೇ ದೃಶ್ಯ ಮಾಡಿ, ಇಲ್ಲವಾದರೆ ಪ್ಯಾರಾ ಹೊಡೆದುಹಾಕಿ.

ನಿಮ್ಮ ಪುಸ್ತಕದಲ್ಲೇ ಇದಕ್ಕೊಂದು ಉದಾಹರಣೆ ಇದೆ, ನೀವು ಅದನ್ನು ಗಮನಿಸಿಲ್ಲ. ರೈತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ರಿಮಾಂಡ್ ಮಾಡಿದ್ದು 2022ರ ಡಿಸೆಂಬರ್ 27. ಪೊಲೀಸರು ದೋಷಾರೋಪಣ ಪಟ್ಟಿ ಸಲ್ಲಿಸಿದ್ದು ‘ಸರಿಯಾಗಿ ಮೂರು ತಿಂಗಳಿಗೆ’, ಅಂದರೆ 2023ರ ಮಾರ್ಚ್ 27. ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಕಾನೂನಿನಲ್ಲಿ ಮೂರು ತಿಂಗಳು ಎಂಬ ಲೆಕ್ಕ ಇಲ್ಲ, 90 ದಿನ ಎಂದಿದೆ. ಕೊಲೆಯಂಥ ಕೇಸಿನಲ್ಲಿ ಅಷ್ಟರೊಳಗೆ ದೋಷಾರೋಪಣ ಪಟ್ಟಿ ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಕೇಳಬೇಕು, ಪಟ್ಟಿ ಸಲ್ಲಿಕೆಯಾಗುವ ಮೊದಲೇ ಕೇಳಬೇಕು. ಎಣಿಕೆ ಬಂಧನದ ದಿನದಿಂದ ಅಲ್ಲ, ರಿಮಾಂಡಿನಿಂದ. ರಿಮಾಂಡಿನ ದಿನವನ್ನೂ ಸೇರಿಸಿ ಎಣಿಸಿ: ಡಿಸೆಂಬರಿನಲ್ಲಿ 5, ಜನವರಿ 31, ಫೆಬ್ರವರಿ 28, ಮಾರ್ಚ್‌ನಲ್ಲಿ 26. ಮಾರ್ಚ್ 26ರ ಭಾನುವಾರಕ್ಕೆ 90 ಮುಗಿಯಿತು. 27ರ ಸೋಮವಾರ 91ನೇ ದಿನ. ರಿಮಾಂಡಿನ ದಿನ ಬಿಟ್ಟು ಎಣಿಸಿದರೆ ಅದೇ ಸೋಮವಾರ 90ನೇ ದಿನ, ಪೊಲೀಸರು ಗಡುವಿನೊಳಗೇ ಇದ್ದಾರೆ. ಯಾವ ಎಣಿಕೆ ಸರಿ ಎಂಬ ಬಗ್ಗೆ ಮೊದಲು ಭಿನ್ನ ತೀರ್ಪುಗಳಿದ್ದವು. ರಿಮಾಂಡಿನ ದಿನವನ್ನೂ ಸೇರಿಸಬೇಕು ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2023ರ ಮಾರ್ಚ್ 27ರಂದು, ನಿಮ್ಮ ಸೋಮವಾರವೇ!

ಆ ಸಾಲನ್ನು ಒಂದು ಅಧ್ಯಾಯ ಮಾಡಿ. ಬೆಳಿಗ್ಗೆ ಕೋರ್ಟು ಕೂರುವ ಮೊದಲೇ ವಕೀಲೆ ಅರ್ಜಿ ಹಿಡಿದು ಕಚೇರಿ ಮುಂದೆ ನಿಂತಿದ್ದಾಳೆ. ಅರ್ಜಿಯ ಮೇಲೆ ಸೀಲು ಬಿದ್ದ ಸ್ವಲ್ಪ ಹೊತ್ತಿಗೆ ಪೇದೆಯೊಬ್ಬ ದೋಷಾರೋಪಣ ಪಟ್ಟಿಯ ಕಟ್ಟು ಹೊತ್ತು ಮೆಟ್ಟಿಲೇರುತ್ತಾನೆ. ಸರ್ಕಾರಿ ವಕೀಲರು ಇವತ್ತು 90 ಎನ್ನುತ್ತಾರೆ, ಇವಳು 91 ಎನ್ನುತ್ತಾಳೆ. ಊಟದ ಹೊತ್ತು ಕಳೆದ ಮೇಲೆ ದಿಲ್ಲಿಯಿಂದ ಸುದ್ದಿ ಬರುತ್ತದೆ. ನಿಮ್ಮ ರೈತ ಕೊನೆಯವರೆಗೂ ಜೈಲಿನಲ್ಲಿರಬೇಕಲ್ಲ ಎನ್ನುವಿರಿ. ಇರುತ್ತಾನೆ. ಆದೇಶವಾದರೆ ಸಾಲದು, ಜಾಮೀನುದಾರ ಬೇಕು. ಜಾಮೀನು ನಿಲ್ಲಲು ಒಪ್ಪಿದ ಅಣ್ಣನ ಪಹಣಿಯ 11ನೇ ಕಲಮಿನಲ್ಲಿ ಬೆಳೆಸಾಲದ ಬೋಜಾ ಕೂತಿದೆ, ಬೇರೆ ಯಾರೂ ಮುಂದೆ ಬರುವುದಿಲ್ಲ. ಗೆದ್ದ ಜಾಮೀನು ಕೈಗೆ ಹತ್ತದೆ ಅವನು ಒಳಗೇ ಉಳಿಯುತ್ತಾನೆ. ಎಫ್‌ಐಆರ್ ಎಂದರೇನು ಎಂದು ತಿಳಿಯಲು ಒಲ್ಲದ ಓದುಗರು ಈ ಪುಟಗಳನ್ನು ಬಿಡುವುದಿಲ್ಲ.

ಕೊನೆಯ ಅಧ್ಯಾಯದ ದುರಸ್ತಿ 118ನೇ ಪುಟದಲ್ಲಿ ಶುರುವಾಗಬೇಕು. ಆ ರಾತ್ರಿ ಪಕ್ಕದ ಹೊಲದಲ್ಲಿ ಕುರಿ ತರುಬಿದ್ದ ಕುರಿಗಾಹಿ ಅಲ್ಲಿ ‘ಕೆಮ್ಮಿದ್ದು ಕೇಳಿತು’ ಎನ್ನುತ್ತಾನೆ. ಆಮೇಲೆ 170 ಪುಟಗಳಲ್ಲಿ ಆ ಕೆಮ್ಮು ಮತ್ತೆ ಬರುವುದೇ ಇಲ್ಲ. ನಮ್ಮ ಭಾಗದ ಕೋರ್ಟಿನಲ್ಲಿ ಸಾಕ್ಷಿ ನುಡಿಯುವುದು ಒಂದು ಕನ್ನಡ, ಟೈಪಾಗುವುದು ಇನ್ನೊಂದು. ಪಾಟಿ ಸವಾಲಿನಲ್ಲಿ ವಕೀಲೆ ಕೇಳುತ್ತಾಳೆ: ‘ಕತ್ತಲೆ ಇತ್ತು, ನಿನಗೆ ಮುಖ ಕಾಣಲಿಲ್ಲ, ಹೌದೊ ಅಲ್ಲವೊ?’ ಅವನು, ‘ಹೌದ್ರಿ, ಕತ್ತಲಿತ್ರಿ, ಮಕ ಕಾಣ್ಲಿಲ್ರಿ. ಆದ್ರ ಕೆಮ್ಮಿದ್ದು ಗುರ್ತ ಹತ್ತೇತ್ರಿ’ ಎನ್ನುತ್ತಾನೆ. ನ್ಯಾಯಾಧೀಶರು ಹೇಳಿ ಬರೆಸುವುದು: ‘ಘಟನೆಯ ಕಾಲಕ್ಕೆ ಕತ್ತಲೆ ಇದ್ದು ನನಗೆ ಮುಖ ಕಾಣಲಿಲ್ಲ ಎಂದರೆ ಸರಿ.’ ಕೆಮ್ಮು ಕಡತಕ್ಕೆ ಇಳಿಯಲಿಲ್ಲ. ವಕೀಲೆ ಗಮನಿಸುತ್ತಾಳೆ, ಆದರೆ ಬಾಯಿ ಬಿಡುವುದಿಲ್ಲ. ಆ ಕೆಮ್ಮು ತನ್ನ ಕಕ್ಷಿದಾರನದೇ ಆಗಿದ್ದರೆ ಎಂಬ ಹೆದರಿಕೆ ಅವಳದು. ಕೆಳಗೆ ‘ಓದಿ ಹೇಳಿ ಕೇಳಲಾಗಿ ಸರಿ ಇದೆ’ ಎಂದು ಬೀಳುತ್ತದೆ, ಕುರಿಗಾಹಿ ಹೆಬ್ಬೆಟ್ಟು ಒತ್ತುತ್ತಾನೆ.

ತಿಂಗಳುಗಳ ಮೇಲೆ ಧ್ವನಿಮುದ್ರಣ ಕೈಗೆ ಬಂದಾಗ ಅದರಲ್ಲಿ ಮಾತಿನ ನಡುವೆ ಅದೇ ಕೆಮ್ಮು. ಈಗ ತಾನು ಬಿಟ್ಟುಕೊಟ್ಟ ಸಾಲನ್ನು ಅವಳು ವಾಪಸು ತರಬೇಕು. ಅದಕ್ಕೆ ದಾರಿ ಇದೆ. ನ್ಯಾಯಕ್ಕೆ ಅಗತ್ಯವೆಂದು ಕಂಡರೆ ಕೋರ್ಟು ಯಾವ ಹಂತದಲ್ಲಾದರೂ ಸಾಕ್ಷಿಯನ್ನು ಮತ್ತೆ ಕರೆಸಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 311ನೇ ಕಲಂ, ಅದರ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 348. ಸರ್ಕಾರಿ ವಕೀಲರು ವಿರೋಧಿಸುತ್ತಾರೆ, ‘ಆವತ್ತೇ ಯಾಕೆ ಕೇಳಲಿಲ್ಲ?’ ಎನ್ನುತ್ತಾರೆ. ಅವಳಲ್ಲಿ ಉತ್ತರ ಇಲ್ಲ. ಮೇಷ್ಟರು ಬಯಸಿದ ಬಿಗಿ ಅಲ್ಲಿದೆ.

ಧ್ವನಿಮುದ್ರಣವೂ ಸುಮ್ಮನೆ ಮೇಜಿನ ಮೇಲಿಟ್ಟು ಒತ್ತುವ ವಸ್ತುವಲ್ಲ. ನಿಮ್ಮ ಕತೆಯಲ್ಲಿ ಗ್ಯಾಂಗ್‌ಮನ್‌ನ ಮೈದುನ ಅದನ್ನು ವಾಟ್ಸಾಪಿನಲ್ಲಿ ವಕೀಲೆಗೆ ಕಳಿಸಿ ಮೊಬೈಲನ್ನು ಮಾರಿಬಿಟ್ಟಿದ್ದಾನೆ. ಹಾಗಾದರೆ ಅವಳ ಕೈಯಲ್ಲಿರುವುದು ನಕಲು. ನಕಲಿಗೆ ಅದು ಯಾವ ಉಪಕರಣದಿಂದ ಹೇಗೆ ಬಂತು ಎಂದು ದೃಢೀಕರಿಸುವ, ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಕಡ್ಡಾಯ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿದೆ. ಮೂಲ ಮೊಬೈಲನ್ನೇ ಅದರ ಒಡೆಯ ಸಾಕ್ಷಿಕಟ್ಟೆಗೆ ತಂದು ಹಾಜರುಪಡಿಸಿದರೆ ಪ್ರಮಾಣಪತ್ರ ಬೇಡ. ಮೊಬೈಲ್ ಹುಡುಕಿ ಹೊರಡುವುದೋ, ಪ್ರಮಾಣಪತ್ರಕ್ಕೆ ಯಾರು ಸಹಿ ಹಾಕಬೇಕು ಎಂದು ತಡಕಾಡುವುದೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಆ ದನಿ ಯಾರದು ಎಂದು ಅದನ್ನು ಬಲ್ಲವರೊಬ್ಬರು ಕಟ್ಟೆಯಲ್ಲಿ ನಿಂತು ಹೇಳಲೂಬೇಕು. ಕುರಿಗಾಹಿ ಅದಕ್ಕೂ ಆಗುತ್ತಾನೆ.

ಮುಖ್ಯೋಪಾಧ್ಯಾಯರ ಸಿಟ್ಟಿಗೆ ಇನ್ನೊಂದು ಕಾರಣ ಇದೆ, ಅದರಲ್ಲಿ ಕಾನೂನಿಲ್ಲ. ಗುತ್ತಿಗೆದಾರ ಪುಸ್ತಕದೊಳಗೆ ಕಾಲಿಡುವುದೇ 241ನೇ ಪುಟದಲ್ಲಿ. ಕಣ್ಣಮುಂದೆ ಇಲ್ಲದವನನ್ನು ಓದುಗ ಅನುಮಾನಿಸುವುದು ಹೇಗೆ? ಅವನನ್ನು 40ನೇ ಪುಟದೊಳಗೆ ತನ್ನಿ, ಎಲ್ಲರೂ ನೋಡಿಯೂ ನೋಡದಂತೆ ತನ್ನಿ. ಹೆಣ ಸಿಕ್ಕ ಜಾಗದ ಮಹಜರಿಗೆ ಪೊಲೀಸರಿಗೆ ಇಬ್ಬರು ಪಂಚರು, ಅಂದರೆ ಸ್ಥಳದ ಸಾಕ್ಷಿಗಳು ಬೇಕಲ್ಲ. ಜೀಪು ನಿಲ್ಲಿಸಿ ‘ಏನ್ರಿ ಇದು’ ಎಂದು ಇಳಿದು ಬಂದವನೇ ಒಬ್ಬ ಪಂಚ ಆಗಲಿ. ಮಹಜರಿನ ಕೆಳಗೆ ಅವನ ಸಹಿ ಬೀಳುತ್ತದೆ, ಸಾಕ್ಷಿಗಳ ಪಟ್ಟಿಯಲ್ಲಿ ಅವನು ಚಾ.ಸಾ. 3 (ಚಾರ್ಜ್‌ಶೀಟಿನ ಮೂರನೇ ಸಾಕ್ಷಿ) ಆಗುತ್ತಾನೆ, ಮುಂದೆ ಕಟ್ಟೆ ಹತ್ತಿ ನುಡಿಯುತ್ತಾನೆ. ಅಲ್ಲಿ ಒಂದು ಸಲ ಕೆಮ್ಮಿದರೆ ಸಾಕು.

ಸಾಕ್ಷಿಯಾಗಿ ಬಂದವನನ್ನೇ ಆರೋಪಿ ಮಾಡಬಹುದೇ? ಮಾಡಬಹುದು. ವಿಚಾರಣೆಯಲ್ಲಿ ಬಂದ ಸಾಕ್ಷ್ಯದಿಂದ ಬೇರೊಬ್ಬನ ಕೈವಾಡ ಬಲವಾಗಿ ಕಂಡರೆ ಅವನನ್ನು ಆರೋಪಿಯಾಗಿ ಕರೆಸುವ ಅಧಿಕಾರ ಅದೇ ಹಳೆಯ ಸಂಹಿತೆಯ 319ನೇ ಕಲಮಿನಲ್ಲಿ ಸೆಷನ್ಸ್ ನ್ಯಾಯಾಧೀಶರಿಗಿದೆ. ಹೊಸ ಸಂಹಿತೆಯಲ್ಲಿ ಅದು 358. ಆದರೆ ಅದಕ್ಕೂ ಗಡಿಯಾರ ಕಟ್ಟಿದೆ. ಬಿಡುಗಡೆಯ ತೀರ್ಪಾದರೆ ಅದನ್ನು ಸಾರುವ ಮೊದಲೇ, ಶಿಕ್ಷೆಯಾಗುವುದಾದರೆ ಶಿಕ್ಷೆಯ ಆದೇಶಕ್ಕೆ ಮೊದಲೇ ಕರೆಸುವ ಆದೇಶ ಆಗಿರಬೇಕು ಎಂದು ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ 2022ರ ಡಿಸೆಂಬರ್ 5ರಂದು ಹೇಳಿದೆ. ಅಂದರೆ ರೈತ ನಿರ್ದೋಷಿ ಎಂದು ಒಮ್ಮೆ ಸಾರಿಬಿಟ್ಟರೆ ಆ ನ್ಯಾಯಾಧೀಶರಿಗೆ ಗುತ್ತಿಗೆದಾರನನ್ನು ಆ ಕೇಸಿಗೆ ಎಳೆಯಲು ಬರುವುದಿಲ್ಲ. ನೀವು ಬರೆದ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ಗುತ್ತಿಗೆದಾರನ ಆದೇಶ, ಆಮೇಲೆ ರೈತನ ತೀರ್ಪು ಎಂದಿಟ್ಟರೆ ಕಾನೂನೂ ಸರಿಯಾಗುತ್ತದೆ, ವಕೀಲೆಗೂ ದೊಡ್ಡ ಇಕ್ಕಟ್ಟು ಬರುತ್ತದೆ: ಕಕ್ಷಿದಾರ ನಾಳೆಯೇ ಬಿಡುಗಡೆಯಾಗುವಂತಿದೆ, ನಿಜವಾದ ಕೊಲೆಗಾರನಿಗಾಗಿ ಅವನನ್ನು ಇನ್ನೊಂದು ವಾಯಿದೆ ಒಳಗೆ ಕೂರಿಸಬೇಕೇ? ಅವಳ ಕರ್ತವ್ಯ ಇರುವುದು ರೈತನ ಕಡೆಗೆ. ಸತ್ತವನ ಹೆಂಡತಿಗೆ ಬೇಕಿರುವುದು ಇನ್ನೊಂದು. ಆ ಹೆಂಡತಿಯನ್ನು ನೀವು ಎರಡೇ ಪುಟಕ್ಕೆ ಬಿಟ್ಟಿದ್ದೀರಿ, ಇಲ್ಲಿ ಅವಳನ್ನು ಕರೆತನ್ನಿ. ಇನ್ನು ತೀರ್ಪು ಕೇಳಿದ ಕೂಡಲೇ ರೈತ ಕೋರ್ಟ್ ಮೆಟ್ಟಿಲು ಇಳಿದು ಮನೆಗೆ ಹೋಗುವುದಿಲ್ಲ. ಆದೇಶ ಜೈಲಿಗೆ ಮುಟ್ಟಬೇಕು, ಹೊತ್ತು ಮುಳುಗಬಹುದು. ಜೈಲಿನ ಗೇಟಿನ ಹೊರಗೆ ಅಣ್ಣ ಬುತ್ತಿ ಹಿಡಿದು ಕೂತಿರಲಿ.

ನಿಜವಾದ ವಿಚಾರಣೆ ವರ್ಷಗಟ್ಟಲೆ ನಡೆಯುತ್ತದೆ, ಅಷ್ಟನ್ನೂ ಬರೆಯಬೇಕೇ ಎಂದು ನೀವು ಕೇಳಬಹುದು. ಬೇಡ. 40 ವಾಯಿದೆಗಳಲ್ಲಿ ಏಳೆಂಟನ್ನು ಪೂರ್ತಿ ತೋರಿಸಿ. ಉಳಿದವಕ್ಕೆ ‘ಸಾಕ್ಷಿ ಗೈರು’, ‘ಆರೋಪಿಯನ್ನು ಕರೆತಂದಿಲ್ಲ’, ‘ಸಾಹೇಬರು ರಜೆ’ ಎಂದು ಒಂದೊಂದು ಸಾಲು ಸಾಕು. ಕಾಲವನ್ನು ಎಷ್ಟು ಬೇಕಾದರೂ ಕುಗ್ಗಿಸಿ, ಕ್ರಮವನ್ನು ಮಾತ್ರ ಮುರಿಯಬೇಡಿ.

ಮೈಸೂರಿನ ಬಂಧುಗಳಿಗಾಗಿ ಮಾತು ಬದಲಿಸಬೇಡಿ. ಮೇಲಿನ ಕೆಮ್ಮಿನ ದೃಶ್ಯ ನಿಂತಿರುವುದೇ ಎರಡು ಕನ್ನಡಗಳ ನಡುವಿನ ಸಂದಿಯಲ್ಲಿ. ಕುರಿಗಾಹಿಯ ಬಾಯಲ್ಲಿ ಶಿಷ್ಟ ಕನ್ನಡ ಇಟ್ಟರೆ ಆ ಸಂದಿ ಮುಚ್ಚಿಹೋಗುತ್ತದೆ. ಅರ್ಥಕೋಶವೂ ಬೇಡ, ಬೋಜಾ, ತರುಬು ಎಂಬ ಪದಗಳನ್ನು ಮೊದಲ ಸಲ ಕೆಲಸದ ನಡುವೆ ಬಳಸಿದರೆ ತಿಳಿಯುತ್ತವೆ.

ಗುತ್ತಿಗೆದಾರ ತಾನೇ ಎನ್ನುವವರ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ‘ಪಾತ್ರಗಳೆಲ್ಲ ಕಾಲ್ಪನಿಕ’ ಎಂಬ ಸಾಲು ನಿಮ್ಮನ್ನು ಪೂರ್ತಿ ಕಾಯುವುದಿಲ್ಲ. ಬಲ್ಲವರು ಓದಿದರೆ ಇದು ಇಂಥವರೇ ಎಂದು ಗುರುತು ಹಿಡಿಯಬಹುದೇ ಎಂಬುದು ಮುಖ್ಯ. ಮಾನಹಾನಿಗೆ ನ್ಯಾಯ ಸಂಹಿತೆಯ 356ನೇ ಕಲಮಿನಂತೆ ಎರಡು ವರ್ಷದವರೆಗೆ ಸಾದಾ ಸಜೆ ಆಗಬಹುದು, ಪರಿಹಾರದ ಸಿವಿಲ್ ದಾವೆ ಬೇರೆ. ಸಿವಿಲ್ ದಾವೆಗೆ ಪ್ರಕಟಣೆಯಿಂದ ಒಂದು ವರ್ಷದ ಗಡುವು. ಹೊಸದಾಗಿ ಅಚ್ಚು ಹಾಕಿದರೆ ಅದು ಹೊಸ ಪ್ರಕಟಣೆ. ನಿಮ್ಮ ಪಾತ್ರಕ್ಕೆ ಅಕ್ಕಿ ಗಿರಣಿ ಇದೆ, ಬಿಳಿ ಜೀಪಿದೆ, ಎಡಗಾಲು ಕುಂಟು ಇದೆ. ಒಂದೊಂದೂ ಸಾವಿರ ಜನರಲ್ಲಿರಬಹುದು, ಮೂರೂ ಒಟ್ಟಿಗೆ ಇರುವವರು ಊರಿಗೆ ಒಬ್ಬರು. ಎರಡನ್ನು ಬದಲಿಸಿ. ಕುಂಟು ತೆಗೆದರೆ ನಿಮಗೆ ಲಾಭವೇ, ಅವನ ಗುರುತಿಗೆ ಕೆಮ್ಮು ಬಂದಿದೆ. ಅಚ್ಚಿಗೆ ಮುನ್ನ ಈ ವಿಷಯ ಬಲ್ಲ ವಕೀಲರೊಬ್ಬರಿಗೆ ಆ ಪಾತ್ರದ ಪುಟಗಳನ್ನಷ್ಟೇ ತೋರಿಸಿ.

ಈಗ ಅಚ್ಚಿನ ಲೆಕ್ಕ. ಇದ್ದ ಹಾಗೇ ಮರುಮುದ್ರಣ ಮಾಡಿ ತಿದ್ದೋಲೆ ಅಂಟಿಸುವುದು ಅಗ್ಗ. ಸುತ್ತಿಗೆ, ಗೀತೆ, ಬೆಂಗಳೂರು ಅದರಲ್ಲಿ ಸರಿಹೋಗುತ್ತವೆ, ಕೊನೆಯ ಅಧ್ಯಾಯ ಹೋಗುವುದಿಲ್ಲ. ಇಡೀ ಪುಸ್ತಕ ಹೊಸದಾಗಿ ಬರೆಯುವುದರಲ್ಲಿ ಬೇರೆ ಅಪಾಯ ಇದೆ. ನಿಮ್ಮ ಕಾಲುವೆ ಪುಟಗಳಿಗೆ ಹೊಳಪು ಕೊಡಲು ಹೋಗಿ ಜೀವ ತೆಗೆಯುವಿರಿ. ನಡುದಾರಿಯೇ ಸರಿ: ವಿವರಣೆಯ ಪ್ಯಾರಾಗಳನ್ನು ಕತ್ತರಿಸಿ, ಮಾರ್ಚ್ 27ರ ಅಧ್ಯಾಯ ಸೇರಿಸಿ, 118, 241 ಮತ್ತು 270ರಿಂದ ಮುಂದಿನದನ್ನು ಮತ್ತೆ ಬರೆಯಿರಿ. 288 ಪುಟ ಎಂದರೆ 16 ಪುಟದ 18 ಫಾರಂ. ಸೇರಿಸಿದ್ದಕ್ಕಿಂತ 16 ಪುಟ ಹೆಚ್ಚು ಕತ್ತರಿಸಿದರೆ 272ಕ್ಕೆ ಇಳಿದು ಒಂದು ಫಾರಂ ಕಾಗದ ಉಳಿಯುತ್ತದೆ. ಇಷ್ಟು ಬದಲಾದದ್ದನ್ನು ‘ಎರಡನೇ ಮುದ್ರಣ’ ಎನ್ನಬೇಡಿ. ‘ಪರಿಷ್ಕೃತ ಆವೃತ್ತಿ’ ಎಂದು ಹಾಕಿ, ಹೊಸ ಐಎಸ್‌ಬಿಎನ್ ಪಡೆಯಿರಿ. ಮೊದಲು ಕೊಂಡವರಿಗೆ ಇದರಿಂದ ಅನ್ಯಾಯವಾಗುವುದಿಲ್ಲ, ಏನು ಬದಲಾಗಿದೆ ಎಂದು ಮುನ್ನುಡಿಯಲ್ಲಿ ನಾಲ್ಕು ಸಾಲು ಬರೆದರೆ ಆಯಿತು. ಉಳಿದ 140 ಪ್ರತಿಗಳನ್ನು ಹೊಸದರ ಜೊತೆ ಬೆರೆಸಿ ಮಾರಬೇಡಿ.

ಅಚ್ಚಿಗೆ ಕೊಡುವ ಮೊದಲು ಹೊಸ ಪುಟಗಳನ್ನು ಹತ್ತು ಜನರಿಗೆ ಓದಲು ಕೊಡಿ. ಇಬ್ಬರು ವಕೀಲರು, ಕೋರ್ಟ್ ಕಚೇರಿಯಲ್ಲಿ ಕೆಲಸ ಮಾಡಿದ ಒಬ್ಬರು, ಪುಸ್ತಕ ಅರ್ಧಕ್ಕೆ ಬಿಟ್ಟ ಆ ನಾಲ್ವರು, ಕಾಲುವೆ ಕಡೆಯ ಇಬ್ಬರು, ಮುಖ್ಯೋಪಾಧ್ಯಾಯರು. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ಯಾವ ಪುಟದಲ್ಲಿ ಪುಸ್ತಕ ಕೆಳಗಿಟ್ಟಿರಿ, 100ನೇ ಪುಟದ ಹೊತ್ತಿಗೆ ಯಾರ ಮೇಲೆ ಅನುಮಾನ ಇತ್ತು, 200ರ ಹೊತ್ತಿಗೆ ಯಾರ ಮೇಲೆ, ಎಲ್ಲಿ ಹಿಂದಿನ ಪುಟ ತಿರುಗಿಸಿ ನೋಡಬೇಕಾಯಿತು ಎಂದು ಕೇಳಿ. ಒಬ್ಬರಷ್ಟೇ ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಮೂವರು ಒಂದೇ ಪುಟ ತೋರಿಸಿದರೆ ಆ ಪುಟಕ್ಕೆ ಮತ್ತೆ ಕೈ ಹಾಕಿ. 100ನೇ ಪುಟಕ್ಕೇ ಐದಾರು ಜನ ಗುತ್ತಿಗೆದಾರನ ಹೆಸರು ಹೇಳಿದರೆ ಮಹಜರಿನ ದೃಶ್ಯದಲ್ಲಿ ಅವನು ಹೆಚ್ಚು ಮಾತಾಡಿದ್ದಾನೆ ಎಂದರ್ಥ, ಅಲ್ಲಿ ಅವನಿಗೆ ಸಹಿ ಹಾಕುವ ಕೆಲಸ ಮಾತ್ರ ಕೊಡಿ.